ಒತ್ತದ ಬ್ರೇಕು

ಸೊಲ್ಲಾಪುರದ ನಮ್ಮ ಮನೆಯ ಸಣ್ಣದೊಂದು ಸಂಗತಿಯನ್ನು ನಾವು ಅಣ್ಣತಮ್ಮಂದಿರಿಬ್ಬರೂ ಕೂಡಿ ಬರೆಯುತ್ತಿದ್ದೇವೆ. ಅಪ್ಪ ಮೂವತ್ತು ವರ್ಷ ಲಾರಿ ನಡೆಸಿದವರು. ವಿಜಯಪುರ, ಹುಬ್ಬಳ್ಳಿಗಳ ದಾರಿಯ ಒಂದೊಂದು ತಿರುವೂ ಅವರ ಅಂಗೈಯಲ್ಲಿತ್ತು. ಪಾರ್ಶ್ವವಾಯು ಬಡಿದು ಬಲಗಾಲು ಸೋತ ಮೇಲೆ ವೈದ್ಯರು ಲಾರಿ ಬಿಡಿಸಿದರು. ಕೈಗಳು ಮಾತ್ರ ಬಿಡಲಿಲ್ಲ. ಊಟದ ತಟ್ಟೆಯನ್ನೂ ಸ್ಟಿಯರಿಂಗಿನಂತೆ ತಿರುಗಿಸುತ್ತ ಕೂಡುತ್ತಿದ್ದರು.

ಕಂಪ್ಯೂಟರ್ ಆಟದ ಹಳೆಯ ಚಕ್ರ, ಪೆಡಲುಗಳನ್ನು ಕೊಂಡು ತಂದು, ಆರ್ಡುಯಿನೋ ಲಿಯೊನಾರ್ಡೋ ಬೋರ್ಡು, 24 ವೋಲ್ಟಿನ ಪವರ್ ಸಪ್ಲೈ, ದೊಡ್ಡ ಮೋಟಾರು ಕೂಡಿಸಿದೆವು. ಅಪ್ಪನ ಕಾಲಿಗೆಂದು ಬ್ರೇಕಿನ ಸ್ಪ್ರಿಂಗನ್ನು ಹಗುರಗೊಳಿಸಿದೆವು. ಆಟ ಯೂರೋ ಟ್ರಕ್ ಸಿಮ್ಯುಲೇಟರ್ 2. ಫ್ರಾನ್ಸಿನಲ್ಲಿ ಎಲ್ಲರೂ ಬಲಬದಿಗೆ ಓಡಿಸುವುದನ್ನು ಕಂಡು “ರಾಂಗ್ ಸೈಡ್ ಮಂದಿ” ಎಂದು ಬೈದು, ಇಂಗ್ಲೆಂಡನ್ನು ಆರಿಸಿಕೊಂಡರು.

ಆದರೆ ತಿರುವು ಬಂದಾಗಲೆಲ್ಲ ಲಾರಿ ತಾನಾಗಿ ನಿಧಾನವಾಗುತ್ತಿತ್ತು. ಮೂರನೆಯ ದಿನ ಅಪ್ಪ ಎದ್ದುಬಿಟ್ಟರು. “ಕಾಲು ನನ್ನ ಮಾತು ಕೇಳವಲ್ದು. ನನಗ ಗೊತ್ತಾಗದಂಗ ಒತ್ತತೈತಿ.” ಮತ್ತೆ ಆ ಕೋಣೆಗೆ ಬರಲಿಲ್ಲ.

ಅವರಿಲ್ಲದ ಹೊತ್ತಿನಲ್ಲಿ ಪೆಡಲನ್ನು ಮುಟ್ಟದೆ ಚಕ್ರವನ್ನಷ್ಟೇ ತಿರುಗಿಸಿ ಪರದೆಯ ಅಂಕಿ ನೋಡಿದೆವು. ಬೋರ್ಡು 5 ವೋಲ್ಟನ್ನು 1024 ಮೆಟ್ಟಿಲಾಗಿ ಎಣಿಸುತ್ತದೆ. ಒಂದು ಮೆಟ್ಟಿಲೆಂದರೆ ಸುಮಾರು 5 ಮಿಲಿವೋಲ್ಟ್. ಮೋಟಾರು ಜಗ್ಗಿದಾಗ ಬ್ರೇಕಿನ ಅಂಕಿ ನಲವತ್ತು ಮೆಟ್ಟಿಲು ಜಿಗಿಯಿತು. ಪೆಡಲಿನ ಮೇಲೆ ಯಾರ ಕಾಲೂ ಇರಲಿಲ್ಲ.

ಮೊದಲ ಸಂಶಯ ಪಕ್ಕದ ವಿದ್ಯುತ್ ಮಗ್ಗಗಳ ಮೇಲೆ. ನಮ್ಮೂರಲ್ಲಿ ಯಾವ ಕೆಡುಕಿಗೂ ಮಗ್ಗವನ್ನು ದೂರುವುದು ಸುಲಭ. ಮಗ್ಗ ನಿಂತ ದಿನವೂ ಅಂಕಿ ಜಿಗಿಯಿತು. ಪೆಡಲಿನ ತಂತಿ ಮೋಟಾರಿನ ತಂತಿಯೊಡನೆ ಒಂದೇ ಕೊಳವೆಯಲ್ಲಿತ್ತು. ಅದನ್ನು ಬೇರ್ಪಡಿಸಿ, ಲೋಹದ ಹೆಣಿಗೆಯ ಕವಚವಿರುವ ತಂತಿ ಹಾಕಿ, ಕವಚವನ್ನು ಬೋರ್ಡಿನ ತುದಿಯಲ್ಲಿ ಮಾತ್ರ ಗ್ರೌಂಡಿಗೆ ಕಟ್ಟಿದೆವು. 0.1 ಮೈಕ್ರೋಫ್ಯಾರಡಿನ ಕೆಪಾಸಿಟರನ್ನೂ ಬೆಸೆದೆವು. ಸಣ್ಣ ನಡುಕ ಅಡಗಿತು, ದೊಡ್ಡ ಜಿಗಿತ ಉಳಿಯಿತು. ತಪ್ಪು ನಮ್ಮ ಜಿಪುಣತನದ್ದು: ಮೋಟಾರಿನ ಕರೆಂಟು ಮರಳುವುದಕ್ಕೂ ಪೆಡಲಿನ ಗ್ರೌಂಡಿಗೂ ಒಂದೇ ಸಪೂರ ತಂತಿ ಕೊಟ್ಟಿದ್ದೆವು. ಮೋಟಾರಿನ ಭಾರಿ ಕರೆಂಟು ಅದರಲ್ಲಿ ಹರಿದಾಗ ಪೆಡಲಿನ ‘ಸೊನ್ನೆ’ಯೇ 0.2 ವೋಲ್ಟಿನಷ್ಟು ಮೇಲೇಳುತ್ತಿತ್ತು. ಎರಡಕ್ಕೂ ಬೇರೆ ಬೇರೆ ತಂತಿ ಎಳೆದು, ಸಪ್ಲೈಯ ಬುಡದಲ್ಲಷ್ಟೇ ಕೂಡಿಸಿದೆವು. ಅಂಕಿ ನಿಂತಿತು.

ಬೆಸುಗೆ ಮುಗಿಸಿ ತಮ್ಮ ಬರಿಗಾಲನ್ನು ಪೆಡಲಿನ ತಗಡಿನ ಮೇಲಿಟ್ಟ. ಝುಂ ಎಂದಿತು. ಟೆಸ್ಟರ್ ಮುಟ್ಟಿಸಿದರೆ ದೀಪ ಹತ್ತಿತು. ಸಪ್ಲೈಯ ಲೋಹದ ಪೆಟ್ಟಿಗೆಯನ್ನು ಅದೇ ತಗಡಿಗೆ ಬಿಗಿದಿದ್ದೆವು. ಗೋಡೆಯ ಪ್ಲಗ್ಗಿನಲ್ಲಿ ಮೂರು ತೂತುಗಳೇನೋ ಇದ್ದವು. ಬಿಚ್ಚಿ ನೋಡಿದರೆ ದೊಡ್ಡ ತೂತಿನ ಹಿಂದೆ ತಂತಿಯೇ ಇರಲಿಲ್ಲ. ಅಪ್ಪನ ಬಲಪಾದಕ್ಕೆ ಸ್ಪರ್ಶವಿಲ್ಲ. ಮೂರು ದಿನ ಅದು ಬರಿದಾಗಿ ಆ ತಗಡಿನ ಮೇಲಿತ್ತು.

ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಅವ್ವನಿಗೆ ಹೇಳಿದರೆ, “ಫ್ರಿಜ್ಜೂ ಹಂಗ ಮಾಡತೈತಿ, ಅದರ ಗುಣಾನ ಹಂಗ” ಎಂದಳು! ಎಷ್ಟು ವರ್ಷದಿಂದಲೋ. ಎಲೆಕ್ಟ್ರಿಷಿಯನ್ ಬಂದು ಮೀಟರಿನ ಹಲಗೆ ನೋಡಿ, “ಘರಾಲಾ ಅರ್ಥಚ್ ನಾಹೀ” ಎಂದ. ಮರಾಠಿ ಬಲ್ಲ ನಾವು ಆ ಮಾತಿನ ಎರಡೂ ಅರ್ಥಕ್ಕೆ ನಕ್ಕೆವು, ಅವ್ವ ನಗಲಿಲ್ಲ. ಹಿತ್ತಲಲ್ಲಿ ಗುಂಡಿ ತೋಡಿಸಿ, ಕೊಳವೆ ನಿಲ್ಲಿಸಿ, ಸುತ್ತ ಇದ್ದಿಲು ಉಪ್ಪು ತುಂಬಿಸಿ, ಪ್ರತಿ ಪ್ಲಗ್ಗಿಗೂ ಹಸಿರು ತಂತಿ ಎಳೆಸಿದೆವು. ಮೀಟರಿನ ಬಳಿ 30 ಮಿಲಿಆಂಪಿಯರ್ ಸೋರಿಕೆಗೇ ಕರೆಂಟು ಕಡಿಯುವ ಬ್ರೇಕರ್ ಕೂತಿತು.

ಆಮೇಲೆ ಅಪ್ಪನನ್ನು ಕರೆದೆವು. ಹಳೆಯ ಸಪೂರ ತಂತಿಯನ್ನು ಮತ್ತೆ ಜೋಡಿಸಿ, ಪೆಡಲಿನಿಂದ ದೂರ ನಿಂತು ಚಕ್ರ ತಿರುಗಿಸಿ ಅಂಕಿ ಜಿಗಿಯುವುದನ್ನು ತೋರಿಸಿದೆವು. ಅದನ್ನು ಕಿತ್ತು ಹೊಸದನ್ನು ಸೇರಿಸಿ ಮತ್ತೊಮ್ಮೆ ತಿರುಗಿಸಿದೆವು. ಅಪ್ಪ ತಮ್ಮ ಬಲಗಾಲನ್ನೇ ಬಹಳ ಹೊತ್ತು ನೋಡಿದರು. ನಂತರ ಕುರ್ಚಿ ಎಳೆದುಕೊಂಡು ಕೂತು, ಡೋವರಿನವರೆಗೂ ಮಾತಾಡದೆ ಓಡಿಸಿದರು. ಬಂದರಿನ ಬಳಿ ಒಂದು ಕಾರು ಅಡ್ಡ ಬಂತು.

“ಹಾರ್ನ್ ಎಲ್ಲೈತ್ರೋ?”

ಅದನ್ನು ನಾವು ಕೂಡಿಸಿಯೇ ಇರಲಿಲ್ಲ.