ಫ್ಯೂಸು ಹಾರಿದಾಗ

ಪುಣೆಯಲ್ಲಿ ಬಹುಕಾಲ ಇದ್ದ ಕನ್ನಡದವರ ಮಾತಿಗೆ ಇಲ್ಲಿಯ ಗಾಳಿ ತಗಲದೆ ಇರುವುದಿಲ್ಲ. ಊರಲ್ಲಿದ್ದಾಗ ದೀಪ ಆರಿದರೆ ನಾವು ‘ಫ್ಯೂಸು ಹೋಯಿತು’ ಎನ್ನುತ್ತಿದ್ದೆವು. ಇಲ್ಲಿಯ ನೆರೆಹೊರೆಯವರು ‘ಫ್ಯೂಜ್ ಉಡಾಲಾ’ ಎನ್ನುತ್ತಾರೆ. ಕೇಳಿ ಕೇಳಿ ನಾವೂ ಈಗ ‘ಫ್ಯೂಸು ಹಾರಿತು’ ಎಂದೇ ಹೇಳುತ್ತೇವೆ. ಊರಿಗೆ ಹೋದಾಗ ನೆಂಟರು ನಗುತ್ತಾರೆ. ನಿಜ ನೋಡಿದರೆ ಫ್ಯೂಸು ಹೋಗುವುದೂ ಇಲ್ಲ, ಹಾರುವುದೂ ಇಲ್ಲ. ಕುಳಿತಲ್ಲೇ ಕರಗುತ್ತದೆ.

ನಾವು ಮೊದಲು ಬಿಡಾರ ಹೂಡಿದ್ದು ಸದಾಶಿವ ಪೇಟೆಯ ಒಂದು ಹಳೆಯ ವಾಡೆಯಲ್ಲಿ. ಆರು ಸಂಸಾರಗಳ ಫ್ಯೂಸುಗಳು ಮೆಟ್ಟಿಲ ಕೆಳಗಿನ ಒಂದೇ ಮರದ ಹಲಗೆಯ ಮೇಲೆ ಸಾಲಾಗಿ ಕುಳಿತಿದ್ದವು. ಬಿಳಿ ಪಿಂಗಾಣಿಯ ಹಿಡಿ, ಎಳೆದರೆ ಕೈಗೆ ಬರುವುದು; ಅದರ ಬೆನ್ನಿಗೆ ಕೂದಲೆಳೆಯಂಥ ತಂತಿ. ಯಾರ ಮನೆಯ ಇಸ್ತ್ರಿ ಪೆಟ್ಟಿಗೆ ಕೆಟ್ಟರೂ ಗಂಡಸರೆಲ್ಲ ಮೇಣದ ಬತ್ತಿ ಹಿಡಿದು ಮೆಟ್ಟಿಲ ಬುಡಕ್ಕೆ ಬರುತ್ತಿದ್ದರು. ಅಲ್ಲಿ ಪ್ರತಿಸಲವೂ ಒಬ್ಬರಾದರೂ ಹೇಳುವ ಮಾತೊಂದಿತ್ತು: “ಒಂದು ಎಳೆ ತಾಳುವುದಿಲ್ಲ, ಎರಡು ಹೊಸೆದು ಹಾಕಿಬಿಡಿ.” ತಾಳದೆ ಇರುವುದೇ ಆ ತಂತಿಯ ಉದ್ಯೋಗವೆಂದು ಯಾರಿಗೂ ತೋಚುತ್ತಿರಲಿಲ್ಲ. ಈಗ ಆ ವಾಡೆಯೂ ಇಲ್ಲ, ಆ ಹಲಗೆಯೂ ಇಲ್ಲ. ಗುಂಡಿಯನ್ನು ಮೇಲಕ್ಕೆ ತಳ್ಳಿದರೆ ಮತ್ತೆ ಬೆಳಕು ಕೊಡುವ ಎಂಸಿಬಿ ಮನೆಮನೆಗೂ ಬಂದಿದೆ. ಮನೆಯಿಂದ ಹೊರಬಿದ್ದ ಫ್ಯೂಸು ಕಾರಿನಲ್ಲಿ ಮಾತ್ರ ಗಟ್ಟಿಯಾಗಿ ನೆಲೆ ನಿಂತಿದೆ. ಎರಡು ಎಳೆ ಹೊಸೆಯುವ ಬುದ್ಧಿಯೂ ಅದರ ಹಿಂದೆಯೇ ಕಾರಿಗೆ ಬಂದಿತು.

ನಮ್ಮ ಮೊದಲ ಕಾರು ಮೂರನೆಯ ಕೈಯ ಪ್ರೀಮಿಯರ್ ಪದ್ಮಿನಿ. ಜನ ಅದನ್ನು ಕೊನೆಯವರೆಗೂ ಫಿಯೆಟ್ ಎಂದೇ ಕರೆದರು. ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಆ ಗಾಡಿ 2000ದ ಸುಮಾರಿಗೆ ನಿಂತುಹೋಯಿತು; ಮುಂಬಯಿಯ ಪದ್ಮಿನಿ ಟ್ಯಾಕ್ಸಿಗಳೂ 2023ರ ಅಕ್ಟೋಬರ್ ಕೊನೆಗೆ ರಸ್ತೆ ಬಿಟ್ಟವು. ಅದರ ಫ್ಯೂಸು ಅಂದರೆ ಪಿಂಗಾಣಿಯ ಒಂದು ಪುಟ್ಟ ಕಡ್ಡಿ, ಎರಡೂ ತುದಿ ಚೂಪು, ಮೈಮೇಲೆ ತೆಳು ಲೋಹದ ಪಟ್ಟಿ. ಬಿಳಿಯದು 8 ಆಂಪಿಯರ್, ಕೆಂಪು 16. ಎರಡು ಹಿತ್ತಾಳೆಯ ಚಿಮಟಗಳ ನಡುವೆ ಅದನ್ನು ಸಿಕ್ಕಿಸಬೇಕು. ಮಳೆಗಾಲದಲ್ಲಿ ಆ ಚಿಮಟಗಳಿಗೆ ಹಸಿರು ಕಿಲುಬು ಹಿಡಿಯುತ್ತಿತ್ತು. ದೀಪ ಹತ್ತದಿದ್ದರೆ ಎಷ್ಟೋ ಸಲ ಫ್ಯೂಸು ಸುಟ್ಟಿರುತ್ತಲೇ ಇರಲಿಲ್ಲ. ಬೆರಳಿನಿಂದ ಅದನ್ನು ಇದ್ದಲ್ಲೇ ಎರಡು ಸುತ್ತು ತಿರುವಿದರೆ ದೀಪ ಹತ್ತಿಕೊಳ್ಳುವುದು. ಬಿಡಿ ಫ್ಯೂಸು ಬೇಕಾದರೆ ನಾನಾ ಪೇಟೆಗೆ ಹೋಗಬೇಕು. ಮೋಟಾರು ಸಾಮಾನಿನ ಅಂಗಡಿಗಳ ಆ ಸಂದಣಿಯಲ್ಲಿ ಸಿಗದ ಭಾಗವಿಲ್ಲ. ಆದರೆ ಅಷ್ಟು ದೂರ ಹೋಗುವ ತಾಳ್ಮೆ ಎಲ್ಲರಿಗೂ ಇರುತ್ತದೆಯೆ? ಸಿಗರೇಟು ಪೊಟ್ಟಣದ ಬೆಳ್ಳಿ ಕಾಗದವನ್ನು ಸುಟ್ಟ ಫ್ಯೂಸಿಗೆ ಸುತ್ತಿ ಕೂರಿಸುವ ವಿದ್ಯೆಯನ್ನು ಬಲ್ಲವರು ಪ್ರತಿ ಮೂಲೆಯಲ್ಲೂ ಇದ್ದರು.

ಆ ವಿದ್ಯೆ ಏಕೆ ಕೆಟ್ಟದ್ದೆಂದು ತಿಳಿಯಲು ಸ್ವಲ್ಪ ಲೆಕ್ಕ ಸಾಕು. ಕಾರಿನ ಬ್ಯಾಟರಿ 12 ವೋಲ್ಟಿನದು. ಮುಂದಿನ ದೀಪದ 60 ವ್ಯಾಟಿನ ಬಲ್ಬು ಉರಿಯಲು 5 ಆಂಪಿಯರ್ ಬೇಕು. ಅದರ ತಂತಿ ಆ ಹೊರೆಗೆ ತಕ್ಕಷ್ಟೇ ದಪ್ಪ. ಎಲ್ಲೋ ತಂತಿಯ ಮೇಲ್ಹೊದಿಕೆ ಸವೆದು ತಾಮ್ರ ಕಾರಿನ ತಗಡಿಗೆ ತಗುಲಿತೆನ್ನಿ. ಅದೇ ಬ್ಯಾಟರಿ ಕ್ಷಣದಲ್ಲಿ ನೂರಾರು ಆಂಪಿಯರ್ ಹರಿಸಬಲ್ಲದು. ಪ್ರವಾಹ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು, ಹತ್ತು ಪಟ್ಟಾದರೆ ನೂರು ಪಟ್ಟು. ಆ ದಾರಿಯಲ್ಲಿ ಏನಾದರೊಂದು ಸುಡಲೇಬೇಕು. ಸುಡುವುದು ನಾವು ಗೊತ್ತುಮಾಡಿದ ಜಾಗದಲ್ಲಿ, ಕೈಗೆ ಸಿಗುವ ಡಬ್ಬಿಯೊಳಗೆ, ಒಂದು ಕಪ್ ಚಹಾದ ಬೆಲೆಯಲ್ಲಿ ಮುಗಿಯಲಿ ಎಂದು ಫ್ಯೂಸು ಇಟ್ಟಿದ್ದಾರೆ. ಅದನ್ನು ಸುಡದಂತೆ ಮಾಡಿದರೆ ಮುಂದಿನ ಸರದಿ ತಂತಿಯದು. ತಂತಿ ಹಾದುಹೋಗುವುದು ನಮ್ಮ ಮೊಣಕಾಲ ಹತ್ತಿರ, ಮಕ್ಕಳು ಕುಳಿತ ಸೀಟಿನ ಕೆಳಗೆ.

ಇದು ಬರಿಯ ಲೆಕ್ಕದ ಮಾತಲ್ಲವೆಂದು 2013ರ ಪಂಚಮಿಯಲ್ಲಿ ಕಣ್ಣಾರೆ ಕಂಡೆವು. ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗಬೇಕಲ್ಲ. ನಮ್ಮ ಸೊಸಾಯಿಟಿಯ ಗೆಳೆಯರೊಬ್ಬರ ಸಂಸಾರ ಮತ್ತು ನಾವು ಎರಡು ಕಾರು ಜೊತೆ ಮಾಡಿಕೊಂಡು ಬೆಳಗಿನ ನಾಲ್ಕಕ್ಕೆ ಧಾರವಾಡದ ದಾರಿ ಹಿಡಿದೆವು. ಅವರ ಕಾರು ಮುಂದೆ, ನಮ್ಮದು ಹಿಂದೆ. ಆ ಕಾರಿನಲ್ಲಿ ವೈಪರಿನ ಫ್ಯೂಸು ಆ ತಿಂಗಳು ಮೂರು ಸಲ ಹೋಗಿತ್ತು. ನಾಲ್ಕನೆಯ ಸಲ ಒಂದು ಗ್ಯಾರೇಜಿನವನು ದಪ್ಪ ತಾಮ್ರದ ತಂತಿ ಬಾಗಿಸಿ ಆ ಜಾಗಕ್ಕೆ ತುರುಕಿ, “ಆತಾ ಕಧೀಚ ಉಡಣಾರ ನಾಹೀ” ಎಂದು ಭರವಸೆ ಕೊಟ್ಟಿದ್ದ. ಇನ್ನು ಎಂದೂ ಹಾರುವುದಿಲ್ಲ! ಅವನ ಮಾತು ಅಕ್ಷರಶಃ ನಿಜವಾಯಿತು.

ಖಂಬಾಟಕಿ ಘಾಟು ಏರುವಾಗ ಮಂಜೂ ಮಳೆಯೂ ಕೂಡಿದ್ದವು. ಮುಂದಿನ ಕಾರಿನ ವೈಪರು ಗಾಜಿನ ನಡುಮಧ್ಯೆ ನಿಂತುಬಿಟ್ಟಿತು. ಅದರ ಕೀಲುಗಳು ತುಕ್ಕು ಹಿಡಿದು ಬಿಗಿದಿದ್ದವು. ಫ್ಯೂಸು ಮತ್ತೆ ಮತ್ತೆ ಸಾಯುತ್ತಿದ್ದುದು ಆ ಕಾರಣಕ್ಕೇ. ತಿರುಗಲಾರದ ಮೋಟಾರು ತಿರುಗುವ ಮೋಟಾರಿಗಿಂತ ಎಷ್ಟೋ ಪಟ್ಟು ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ. ತಡೆಯುವವರು ಯಾರೂ ಇಲ್ಲ. ಗೆಳೆಯರು ಕಾರನ್ನು ಬದಿಗೆ ತರುವಷ್ಟರಲ್ಲಿ ಡ್ಯಾಶ್‌ಬೋರ್ಡಿನ ಸಂದಿಯಿಂದ ಹೊಗೆ ಬರತೊಡಗಿತು. ಒಳಗೆ ಅವರ ಹೆಂಡತಿ, ಇಬ್ಬರು ಮಕ್ಕಳು, ಮೊಣಕಾಲು ನೋವಿನ ತಾಯಿ. ನಾವು ಓಡಿಹೋಗಿ ಹಿಂದಿನ ಬಾಗಿಲು ತೆಗೆದು, “ಅವ್ವಾರ, ಲಗೂ ಇಳೀರಿ” ಎಂದರೆ ಆ ತಾಯಿ ಒಂದು ಕಾಲು ಹೊರಗಿಟ್ಟು, “ಇಳಿತೀನಿ ತಮ್ಮಾ, ಉಂಡಿ ಡಬ್ಬಿ ಒಳಗ ಉಳೀತಲ್ಲೋ!” ಎಂದು ಮತ್ತೆ ಒಳಗೆ ಬಾಗಿದರು. ಉಂಡಿಯನ್ನೂ ಅವರನ್ನೂ ಕೂಡಿಯೇ ಎತ್ತಿ ಇಳಿಸಬೇಕಾಯಿತು.

ಹಿಂದಿನಿಂದ ಬಂದ ಲಾರಿಯೊಂದು ನಿಂತಿತು. ಅದರ ನಂಬರು ಕೆಎ 22, ನಮ್ಮ ಬೆಳಗಾವಿ ಕಡೆಯದು. ಡ್ರೈವರ್ ಇಳಿಯುವ ಮೊದಲೇ ಕೂಗಿದ: “ನೀರು ಗೀರು ಹಾಕಬ್ಯಾಡ್ರಿ! ಬ್ಯಾಟ್ರಿ ವೈರು ತಗೀರಿ ಮೊದಲ!” ತಾನೇ ಹತ್ತನೇ ನಂಬರಿನ ಪಾನಾ ತಂದು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಸಡಿಲಿಸಿ ಕಿತ್ತ. ಹೊಗೆ ತೆಳುವಾಗುತ್ತ ಬಂದು ನಿಂತಿತು. ಕಾರಿನ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮಕ್ಕಳ ತಲೆ ಸವರಿ, ಒಂದು ಉಂಡಿಯನ್ನು ಬಲವಂತಕ್ಕೆ ತೆಗೆದುಕೊಂಡು ಹೊರಟುಹೋದ. ಹೆಸರು ಕೇಳುವುದೂ ಆಗಲಿಲ್ಲ. ಬೆಳಕು ಹರಿದ ಮೇಲೆ ಡ್ಯಾಶ್‌ಬೋರ್ಡಿನ ಕೆಳಗೆ ಇಣುಕಿದರೆ ಐದಾರು ತಂತಿಗಳು ಕರಗಿ ಒಂದಕ್ಕೊಂದು ಅಂಟಿ ಒಂದೇ ಕರಿಯ ಹಗ್ಗವಾಗಿದ್ದವು; ತಾಮ್ರದ ತುಂಡು ಮಾತ್ರ ಏನೂ ಆಗದವರಂತೆ ತನ್ನ ಜಾಗದಲ್ಲಿ ಕುಳಿತಿತ್ತು. ಹೆಂಗಸರನ್ನೂ ಮಕ್ಕಳನ್ನೂ ನಮ್ಮ ಕಾರಿನಲ್ಲಿ ಒತ್ತೊತ್ತಾಗಿ ಕೂರಿಸಿಕೊಂಡು ಊರು ಮುಟ್ಟಿದೆವು. ಗೆಳೆಯರು ಪಂಚಮಿಯ ಹಾಲು ಎರೆಯುವ ಹೊತ್ತಿಗೂ ಸಾತಾರೆಯಲ್ಲೇ ಇದ್ದರು.

ಅಂದಮೇಲೆ ಸರಿಯಾದ ರೀತಿ ಯಾವುದು? ಈಗಿನ ಕಾರುಗಳಲ್ಲಿ ಫ್ಯೂಸಿನ ಡಬ್ಬಿ ಸಾಮಾನ್ಯವಾಗಿ ಎರಡು ಕಡೆ: ಒಂದು ಬಾನೆಟ್ಟಿನ ಕೆಳಗೆ ಬ್ಯಾಟರಿಯ ಹತ್ತಿರ, ಇನ್ನೊಂದು ಒಳಗೆ ಡ್ಯಾಶ್‌ಬೋರ್ಡಿನ ಅಡಿಯಲ್ಲಿ. ಮುಚ್ಚಳದ ಒಳಮೈಯಲ್ಲೋ ಕಾರಿನ ಜೊತೆ ಬಂದ ಪುಸ್ತಕದಲ್ಲೋ ನಕ್ಷೆ ಇರುತ್ತದೆ. ಆ ಪುಸ್ತಕವನ್ನು ಬಿಚ್ಚದೆ ಪ್ಲಾಸ್ಟಿಕ್ ಚೀಲದೊಳಗೇ ಪೂಜೆ ಮಾಡುವವರು ನಮ್ಮಲ್ಲಿ ಬಹಳ. ಡಬ್ಬಿ ತೆರೆಯುವ ಮುನ್ನ ಏನೇನು ಒಟ್ಟಿಗೆ ನಿಂತಿದೆ ಎಂದು ನೋಡಿಕೊಳ್ಳಬೇಕು. ಹಾರ್ನ್ ಒಂದೇ ನಿಂತಿದೆಯೆ, ರೇಡಿಯೋವೂ ಮೊಬೈಲ್ ಚಾರ್ಜರೂ ಜೊತೆಯಾಗಿ ನಿಂತಿವೆಯೆ? ಒಂದೇ ಫ್ಯೂಸಿನ ಆಶ್ರಯದಲ್ಲಿ ಎರಡು ಮೂರು ಸಾಮಾನು ಬದುಕುವುದುಂಟು. ಅವು ಒಟ್ಟಿಗೆ ಸತ್ತರೆ ಹುಡುಕುವ ಕೆಲಸ ಅರ್ಧ ಮುಗಿದಂತೆ.

ಈಗಿನ ಫ್ಯೂಸು ಎರಡು ಕಾಲಿನ ಬಣ್ಣದ ಬಿಲ್ಲೆ. 1970ರ ದಶಕದಲ್ಲಿ ಅಮೆರಿಕೆಯಲ್ಲಿ ಹುಟ್ಟಿ ಲೋಕವನ್ನೆಲ್ಲ ಹಬ್ಬಿತು. ಕೆಂಪು 10, ನೀಲಿ 15, ಹಳದಿ 20, ಹಸಿರು 30 ಆಂಪಿಯರ್. ಫಿಯೆಟ್ ಕಾಲದವರು ಇಲ್ಲಿ ಎಚ್ಚರವಾಗಿರಬೇಕು: ಅಂದಿನ ಕೆಂಪು 16, ಇಂದಿನ ಕೆಂಪು 10. ಬಣ್ಣ ಏನೇ ಇರಲಿ, ಬೆನ್ನ ಮೇಲಿನ ಅಂಕಿಯನ್ನು ನಂಬುವುದು ಲೇಸು. ಕೀಲಿ ತೆಗೆದು, ಡಬ್ಬಿಯಲ್ಲೇ ಇಟ್ಟಿರುವ ಪ್ಲಾಸ್ಟಿಕ್ ಚಿಮಟದಿಂದ ಬಿಲ್ಲೆಯನ್ನು ಎಳೆದು ಬೆಳಕಿಗೆ ಹಿಡಿದರೆ ಒಳಗಿನ ಪಟ್ಟಿ ತುಂಡಾಗಿದ್ದು ಕಾಣುತ್ತದೆ. ಚಾಳೀಸು ಬಂದ ಕಣ್ಣಿಗೆ ಕಾಣದಿದ್ದರೆ ಟೆಸ್ಟ್ ಲ್ಯಾಂಪು ಇದೆ. ಅದರ ಒಂದು ತಂತಿಯನ್ನು ಕಾರಿನ ಲೋಹಕ್ಕೆ ಕಚ್ಚಿಸಿ, ಕೀಲಿ ತಿರುವಿ, ಮೊನೆಯನ್ನು ಬಿಲ್ಲೆಯ ನೆತ್ತಿಯ ಎರಡು ಲೋಹದ ಚುಕ್ಕೆಗಳಿಗೆ ತಾಗಿಸಬೇಕು. ಎರಡೂ ಕಡೆ ದೀಪ ಹತ್ತಿದರೆ ಫ್ಯೂಸು ಸುಖಿ. ಒಂದೇ ಕಡೆ ಹತ್ತಿದರೆ ಅದರ ಕಥೆ ಮುಗಿದಿದೆ. ಅದೇ ಅಂಕಿಯ ಹೊಸದನ್ನು ಹಾಕಬೇಕು. ಹದಿನೈದರ ಜಾಗಕ್ಕೆ ಮೂವತ್ತು ಹಾಕುವುದೂ ತಾಮ್ರದ ತಂತಿಯ ತಮ್ಮನೇ.

ಹೊಸದೂ ಹೋಯಿತೆ? ಮೂರನೆಯದನ್ನು ಹಾಕುವ ಮೊದಲು ಕಾರಣ ಹುಡುಕಬೇಕು. ಆ ಫ್ಯೂಸಿಗೆ ಸೇರಿದ ಸಾಮಾನುಗಳನ್ನೆಲ್ಲ ಬಂದ್ ಮಾಡಿ, ಫ್ಯೂಸು ಹಾಕಿ, ಒಂದೊಂದನ್ನೇ ಚಾಲೂ ಮಾಡುತ್ತ ಹೋದರೆ ಯಾವುದು ಕೊಲ್ಲುತ್ತಿದೆ ಎಂಬುದು ಗೊತ್ತಾಗುತ್ತದೆ. ಒಮ್ಮೆ ನಮ್ಮ ಕಾರಿನ ರೇಡಿಯೋ ಮತ್ತು ಚಾರ್ಜರು ಕೂಡಿಯೇ ನಿಂತವು. ಹೊಸ ಫ್ಯೂಸು ಹಾಕಿದ ಕ್ಷಣದಲ್ಲೇ ಸುಟ್ಟಿತು. ಟಾರ್ಚು ಬಿಟ್ಟು ನೋಡಿದರೆ ಚಾರ್ಜರ್ ಚುಚ್ಚುವ ತೂತಿನ ತಳದಲ್ಲಿ ಒಂದು ರೂಪಾಯಿಯ ನಾಣ್ಯ ಹೊಳೆಯುತ್ತಿದೆ! ಮೊಮ್ಮಗನನ್ನು ವಿಚಾರಿಸಿದೆವು. ಅವನ ದೃಷ್ಟಿಯಲ್ಲಿ ಅದು ಹುಂಡಿ. ದೇವರು ಯಾರೆಂದು ಹೇಳಲಿಲ್ಲ. ಪುಣೆಯ ಮಳೆಗಾಲದಲ್ಲಿ ಇನ್ನೊಂದು ಕಾಟ ಇಲಿಯದು. ಸೊಸಾಯಿಟಿಯ ಪಾರ್ಕಿಂಗಿನಲ್ಲಿ ಬೆಚ್ಚಗಿನ ಇಂಜಿನ್ನಿನ ಮೇಲೆ ಸಂಸಾರ ಹೂಡಿ ತಂತಿ ಕಡಿಯುತ್ತದೆ. ಕೆಲವರು ಬಾನೆಟ್ಟಿನೊಳಗೆ ಹೊಗೆಸೊಪ್ಪಿನ ಎಲೆ ಇಡುತ್ತಾರೆ, ಕೆಲವರು ಡಾಂಬರು ಗುಳಿಗೆ. ಇಲಿಗಳು ಎರಡಕ್ಕೂ ಒಗ್ಗಿಕೊಂಡಂತಿದೆ.

ಬ್ಯಾಟರಿ ಕಾರುಗಳು ಬಂದ ಮೇಲೂ ಈ ಬಿಲ್ಲೆಗಳು ಮಾಯವಾಗಿಲ್ಲ. ದೀಪ, ಹಾರ್ನುಗಳಿಗೆ ಅವುಗಳಲ್ಲೂ 12 ವೋಲ್ಟಿನ ಸಣ್ಣ ಬ್ಯಾಟರಿ ಇರುತ್ತದೆ. ಆದರೆ ಕಿತ್ತಳೆ ಬಣ್ಣದ ದಪ್ಪ ತಂತಿಗಳ ತಂಟೆಗೆ ಮನೆಯವರು ಯಾರೂ ಹೋಗಬಾರದು. ಅದು ಪ್ರಾಣ ತೆಗೆಯುವ ವೋಲ್ಟೇಜು.

ವಾಹನ ಸಂಶೋಧನೆಗೆಂದೇ 1966ರಲ್ಲಿ ಸ್ಥಾಪನೆಯಾದ ಎ.ಆರ್.ಎ.ಐ. ಸಂಸ್ಥೆ ಈ ಊರಿನ ವೇತಾಳ ಟೇಕಡಿಯ ಮೇಲಿದೆ. 1998ರಲ್ಲಿ ಇಂಡಿಕಾ ಕಾರನ್ನು ಲೋಕಕ್ಕೆ ತೋರಿಸಿದ ಕಂಪನಿಯ ಕಾರ್ಖಾನೆ ಪಿಂಪ್ರಿಯಲ್ಲಿದೆ. ಇಂಥ ಕಾರ್ಖಾನೆಗಳಿಗೆ ದಿನಾ ಬಸ್ಸು ಹತ್ತಿ ಹೋಗುವ ಕನ್ನಡದ ಮಕ್ಕಳು ಎಷ್ಟೋ ಜನ. ಅದೇ ಊರಿನಲ್ಲಿ ಮೊನ್ನೆ ಮೊನ್ನೆಯೂ ಒಂದು ಕಾರಿನ ಫ್ಯೂಸಿನ ಜಾಗದಲ್ಲಿ ಬೆಳ್ಳಿ ಕಾಗದ ನೋಡಿದೆವು. ಈ ಸಲ ಅದು ಚಾಕೊಲೇಟಿನದು.

ಮನೆಯಲ್ಲಿ ಬಳಸದೆ ಉಳಿದಿದ್ದ ಒಂದು ಕುಂಕುಮದ ಭರಣಿ ಈಗ ನಮ್ಮ ಕಾರಿನಲ್ಲಿದೆ. ಒಳಗೆ ಕೆಂಪು, ನೀಲಿ, ಹಳದಿ ಎರಡೆರಡು, ಹಸಿರು ಒಂದು. ಮಗ್ಗುಲಲ್ಲಿ ಹತ್ತನೇ ನಂಬರಿನ ಪಾನಾ. ಗೆಳೆಯರ ಹೊಸ ಕಾರಿನಲ್ಲೂ ಅಂಥದೇ ಒಂದು ಡಬ್ಬಿ ಇದೆ. ಪಂಚಮಿಗೆ ಹೊರಡುವ ಮುನ್ನ ಅವರ ತಾಯಿ ಹಿಂದಿನ ಸೀಟಿನಿಂದ ಎರಡು ಡಬ್ಬಿಗಳ ಹೆಸರು ಹೇಳಿ ಕೇಳುತ್ತಾರೆ. ಮೊದಲು ಉಂಡಿಯದು, ಆಮೇಲೆ ಫ್ಯೂಸಿನದು.