ಮೇಲಿನ ಗೂಡಿನ ಸೋಪು

ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯಲ್ಲಿ ಒಂದು ಮನೆ. ಆ ಮನೆಯ ಎರಡು ವರ್ಷದ ಮಗುವಿಗೆ ಒಂದೇ ಮಳೆಗಾಲದಲ್ಲಿ ಎರಡು ಸಲ ಭೇದಿಯಾಯಿತು. ಹೆದರಿದ ತಾಯಿ ಕುಣಿಗಲ್ ಪೇಟೆಗೆ ಹೋಗಿ, ಬ್ಯಾಕ್ಟೀರಿಯಗಳನ್ನು ಕೊಲ್ಲುತ್ತದೆಂದು ಡಬ್ಬಿಯ ಮೇಲೆ ಬರೆದಿದ್ದ ಸೋಪು ತಂದಳು. ಬೆಲೆ ಮಾಮೂಲಿ ಸೋಪಿಗಿಂತ ಹೆಚ್ಚು. ತಿಂಗಳ ಸಾಮಾನಿನ ಚೀಟಿಯಲ್ಲಿ ಅದಕ್ಕೆ ಜಾಗ ಮಾಡಬೇಕಲ್ಲ, ಹಿತ್ತಲ ತೊಟ್ಟಿಯ ಬಳಿ ಕೈಕಾಲು ತೊಳೆಯಲು ಇಡುತ್ತಿದ್ದ ಸೋಪನ್ನು ಚೀಟಿಯಿಂದ ಹೊಡೆದುಹಾಕಿದ್ದಾಯಿತು. ಹೊಸ ಸೋಪು ಬಚ್ಚಲಿನ ಮೇಲಿನ ಗೂಡು ಸೇರಿತು. ಅಜ್ಜಿಯ ಅಪ್ಪಣೆಯೂ ಹೊರಟಿತು: "ಅದು ಮಗೀಗೆ. ಬ್ಯಾರೆ ಯಾರೂ ಮುಟ್ಟಬ್ಯಾಡಿ."

ಯಾರೂ ಮುಟ್ಟಲಿಲ್ಲ. ಮಗುವಿಗೆ ದಿನವೂ ಅದೇ ಸೋಪಿನಲ್ಲಿ ಸ್ನಾನ ನಡೆಯಿತು. ಮೂರನೆಯ ಸಲವೂ ಭೇದಿಯಾಯಿತು.

ಓಆರ್‌ಎಸ್ ಪೊಟ್ಟಣ, ಜಿಂಕ್ ಮಾತ್ರೆ ಹಿಡಿದು ಬಂದ ಆಶಾ ಕಾರ್ಯಕರ್ತೆಗೆ ತಾಯಿ ಆ ಡಬ್ಬಿ ತೋರಿಸಿ, "ಇಷ್ಟು ದುಡ್ಡು ಕೊಟ್ಟು ತಂದಿದೀನಿ, ಆದ್ರೂ ಯಾಕಕ್ಕ ಹಿಂಗೆ?" ಎಂದು ಕೇಳಿದಳು. ಆಕೆ ಡಬ್ಬಿಯನ್ನು ಸರಿಯಾಗಿ ನೋಡಲೂ ಇಲ್ಲ. "ಮಗೀಗೆ ಉಣ್ಸೋರು ಯಾರು? ಅವರು ಕೈ ಯಾವುದ್ರಲ್ಲಿ ತೊಳೀತಾರೆ?" ಎಂದಳು.

ಉಣ್ಣಿಸುತ್ತಿದ್ದವಳು ಎಂಟನೇ ತರಗತಿಯಲ್ಲಿ ಓದುವ ಅಕ್ಕ. ತೊಳೆಯುತ್ತಿದ್ದುದು ಬರೀ ನೀರಿನಲ್ಲಿ.

ಸೋಪು ರೋಗಾಣುವನ್ನು ಕೊಂದೇ ತೀರಬೇಕು ಎಂಬುದು ಜಾಹೀರಾತುಗಳು ನಮ್ಮ ತಲೆಯಲ್ಲಿ ಕೂರಿಸಿರುವ ಮಾತು. ಸೋಪಿನ ಅಸಲು ಕೆಲಸ ಬೇರೆ. ಅದರ ಅಣುವಿನ ಒಂದು ತುದಿಗೆ ನೀರಿನ ನಂಟು, ಇನ್ನೊಂದು ತುದಿಗೆ ಜಿಡ್ಡಿನ ನಂಟು. ಜಿಡ್ಡಿಗೆ ನೆಟ್ಟ ತುದಿಯನ್ನು ಹರಿಯುವ ನೀರು ಎಳೆದುಕೊಂಡು ಹೋಗುವಾಗ, ಜಿಡ್ಡಿನಲ್ಲಿ ಅಂಟಿಕೊಂಡಿದ್ದ ರೋಗಾಣುಗಳೂ ಕೈಬಿಟ್ಟು ಹೋಗುತ್ತವೆ. ಸತ್ತವೋ ಬದುಕಿದವೋ, ಬಚ್ಚಲ ಕಾಲುವೆ ಸೇರಿದ ಮೇಲೆ ನಮಗೇನು? ಅಜ್ಜಿಯ ಕಾಲದ ಸೀಗೆಕಾಯಿ, ಅಂಟುವಾಳ ಕೊಳೆ ತೆಗೆಯುತ್ತಿದ್ದುದೂ ಹೀಗೆಯೇ. ಅವುಗಳಲ್ಲಿ ನೊರೆ ಬರಿಸುವುದು ಸಪೋನಿನ್ ಎಂಬ ವಸ್ತು. ಆದರೆ ಈ ಬಿಡಿಸುವ ಕೆಲಸಕ್ಕೆ ಉಜ್ಜಬೇಕು. ಬೆರಳ ಸಂದು, ಉಗುರಿನ ಬುಡ ಸೇರಿಸಿ ಇಪ್ಪತ್ತು ಸೆಕೆಂಡಾದರೂ ಬೇಕು.

ಮದ್ದು ಬೆರೆತ ಸೋಪು ಇದಕ್ಕಿಂತ ಹೆಚ್ಚು ಮಾಡುತ್ತದೆಯೇ? ಕರಾಚಿಯ ಬಡಾವಣೆಗಳಲ್ಲಿ ಇದನ್ನು ಪರೀಕ್ಷಿಸಿಯೇ ನೋಡಿದರು. ಕೆಲವು ಮನೆಗಳಿಗೆ ಮಾಮೂಲಿ ಸೋಪು, ಕೆಲವಕ್ಕೆ ಟ್ರೈಕ್ಲೋಕಾರ್ಬಾನ್ ಬೆರೆತ ಸೋಪು ಕೊಟ್ಟು, ಕೈ ತೊಳೆಯುವ ರೂಢಿ ಮಾಡಿಸಿದರು. ಇನ್ನು ಕೆಲವು ಮನೆಗಳನ್ನು ಹೋಲಿಕೆಗೆ ಇಟ್ಟುಕೊಂಡರು. 2005ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಮಾಮೂಲಿ ಸೋಪಿನ ಮನೆಗಳಲ್ಲಿ ಹದಿನೈದರೊಳಗಿನ ಮಕ್ಕಳ ಭೇದಿ ಶೇ. 53ರಷ್ಟು ಕಡಿಮೆ. ಐದು ವರ್ಷದೊಳಗಿನವರ ನ್ಯುಮೋನಿಯ ಶೇ. 50ರಷ್ಟು ಕಡಿಮೆ. ಮದ್ದಿನ ಸೋಪಿಗೂ ಬರೀ ಸೋಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಪುಟ್ಟ ಮಕ್ಕಳ ಭೇದಿಗೆ ರೋಟಾದಂಥ ವೈರಸ್‌ಗಳೂ ಕಾರಣ; ಈ ಮದ್ದುಗಳ ಗುರಿಯೋ ಬ್ಯಾಕ್ಟೀರಿಯ.

2016ರ ಸೆಪ್ಟೆಂಬರಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಟ್ರೈಕ್ಲೋಸಾನ್, ಟ್ರೈಕ್ಲೋಕಾರ್ಬಾನ್ ಸೇರಿ 19 ರಾಸಾಯನಿಕಗಳನ್ನು ಮನೆಬಳಕೆಯ ಇಂಥ ಸೋಪುಗಳಿಂದ ಕೈಬಿಡಬೇಕೆಂದಿತು. ದಿನನಿತ್ಯ ಬಳಸಿದರೆ ಅಪಾಯವಿಲ್ಲ, ಬರೀ ಸೋಪು ನೀರಿಗಿಂತ ಮೇಲು ಎಂದು ತಯಾರಕರು ತೋರಿಸಿಕೊಟ್ಟಿರಲಿಲ್ಲ. ಇನ್ನು ಮೂರು ರಾಸಾಯನಿಕಗಳ ಬಗ್ಗೆ ಪುರಾವೆ ತರಲು ಕಾಲಾವಕಾಶ ಕೊಟ್ಟಿತು. ಆಸ್ಪತ್ರೆಗಳಲ್ಲಿ ಬಳಸುವ ಮದ್ದುಗಳಿಗೆ ಈ ಆದೇಶ ಅನ್ವಯವಾಗಲಿಲ್ಲ, ಅದು ಸರಿಯೇ. ಶಸ್ತ್ರಚಿಕಿತ್ಸೆ ಮಾಡುವವರ ಕೈಯೇ ಬೇರೆ, ಮುದ್ದೆ ಮುರಿಯುವ ಕೈಯೇ ಬೇರೆ.

ಕೊತ್ತಗೆರೆಯ ಮನೆಯಲ್ಲಿ ತಪ್ಪು ಸೋಪಿನದೂ ಅಲ್ಲ, ತಾಯಿಯದೂ ಅಲ್ಲ. ದುಬಾರಿ ವಸ್ತು ಮನೆಗೆ ಬಂದರೆ ಎತ್ತಿಡುವುದು ಬಡ ಮನೆಯ ಬುದ್ಧಿ. ಬೆಳ್ಳಿ ಲೋಟಕ್ಕೆ ಆ ಬುದ್ಧಿ ಒಪ್ಪುತ್ತದೆ. ಸೋಪು ಸವೆದರೆ ಮಾತ್ರ ಪ್ರಯೋಜನ.

ಮಾರನೆಯ ದಿನ ಹುಡುಗಿ ಅಂಗಡಿಯಿಂದ ಅಗ್ಗದ ಸೋಪೊಂದನ್ನು ತಂದಳು. "ತೊಟ್ಟಿ ತಾವ ಇಟ್ರೆ ನೆಂದು ಕರಗೋಗ್ತದೆ ಕಣೆ," ಎಂದು ಅಜ್ಜಿ ಗೊಣಗಿದರು. ಈರುಳ್ಳಿ ತಂದಿದ್ದ ಬಲೆ ಚೀಲ ಮೂಲೆಯಲ್ಲಿ ಬಿದ್ದಿತ್ತು. ಹುಡುಗಿ ಸೋಪನ್ನು ಅದರೊಳಗೆ ಹಾಕಿ, ತೊಟ್ಟಿಯ ಪಕ್ಕದ ನುಗ್ಗೆ ಮರಕ್ಕೆ ಮಗುವಿನ ಕೈಗೂ ಎಟುಕುವಂತೆ ಕಟ್ಟಿದಳು. ಸಂಜೆ ಕೊಟ್ಟಿಗೆಯಲ್ಲಿ ಸಗಣಿ ಬಾಚಿ ಬಂದ ಅಜ್ಜಿ ಅತ್ತಿತ್ತ ನೋಡಿ, ಚೀಲದ ಸಮೇತ ಸೋಪನ್ನು ಎರಡೂ ಅಂಗೈಗೆ ಉಜ್ಜಿದರು.