ಕೆರೆಯ ಸುತ್ತ ಒಂದು ಹಗಲು

ಅರುವತ್ತು ದಾಟಿದ ಮೇಲೆ ಸೈಕಲ್ ತುಳಿಯುವುದು ಹುಡುಗಾಟವೆಂದು ಮನೆಯವರ ಆಕ್ಷೇಪಣೆ. ಆದರೂ ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರವನ್ನು ಒಮ್ಮೆ ಸುತ್ತಿ ಬರಬೇಕೆಂಬ ಬಾಲ್ಯದ ಬಯಕೆ ಹಾಗೆಯೇ ಉಳಿದಿತ್ತು. ಕಳೆದ ಮಾಘಮಾಸದಲ್ಲಿ ಕೆರೆಬಿಳಚಿಯ ನಂಟರ ಮನೆಯಿಂದ ಬೆಳಗಿನ ಜಾವವೇ ಹೊರಟೆ. ಕೆರೆಯ ಸುತ್ತಳತೆ 40 ಮೈಲಿಯೆಂದು ಹಳೆಯ ಮೈಸೂರು ಗ್ಯಾಸೆಟಿಯರು ಹೇಳುತ್ತದೆ.

ಎರಡು ಗುಡ್ಡಗಳ ನಡುವಣ ಚಿಕ್ಕ ಏರಿಯೊಂದು ಹರಿದ್ರಾ ಹೊಳೆಯನ್ನು ತಡೆದು ಅಷ್ಟೊಂದು ನೀರನ್ನು ನಿಲ್ಲಿಸಿರುವುದು ಸೋಜಿಗ. ಏರಿಯ ಮೇಲೆ ಸವಾರಿ ಸರಾಗ. ಮುಂದೆ ದಾರಿಯು ನೀರನ್ನು ಅಗಲಿ ಗದ್ದೆ, ಅಡಕೆ ತೋಟಗಳ ನಡುವೆ ನುಸುಳುತ್ತದೆ. ಕೆರೆ ಕಾಣದಿದ್ದರೂ ಹಸಿರು ಅದರ ಇರವನ್ನು ಸಾರುತ್ತದೆ.

ನಡುಹಗಲಿನಲ್ಲಿ ಚೈನು ಕಳಚಿತು. ಹಳ್ಳಿಯ ಜಗುಲಿಯೊಂದರಲ್ಲಿ ಕುಳಿತೆ. ಮನೆಯ ಮುದುಕಿ ಮಜ್ಜಿಗೆ ಕೊಟ್ಟು, "ಎಲ್ಲಿಗೆ ಹೊಂಟೆಯಪ್ಪಾ?" ಎಂದಳು.

"ಶಾಂತಿಸಾಗರ ಸುತ್ತಲಿಕ್ಕೆ, ಅವ್ವಾ."

"ಸೂಳೆಕೆರೆ ಅನ್ನು. ಜಾಗ ಕೊಟ್ಟೋರು ಅವರು. ಕೇಳಿದ್ದು ಹೆಸರೊಂದನ್ನೇ."

ಕೆರೆ ಕಟ್ಟಿಸಿದವಳು ರಾಜಪುತ್ರಿ ಶಾಂತವ್ವೆ. ನೆಲ ಬಿಟ್ಟುಕೊಟ್ಟವರು ವೇಶ್ಯೆಯರು. ಕೆರೆಗೆ ತಮ್ಮ ಹೆಸರಿರಲೆಂಬುದೇ ಅವರ ಕರಾರು. ಈ ಐತಿಹ್ಯವನ್ನು ನಾನು ಅರಿಯದವನಲ್ಲ. ಆದರೂ ಉಪಾಧ್ಯಾಯನಾಗಿದ್ದ ಮೂವತ್ತು ವರ್ಷಗಳಲ್ಲಿ ತರಗತಿಯಲ್ಲಿ ಒಮ್ಮೆಯೂ ಆ ಹೆಸರನ್ನು ಉಚ್ಚರಿಸಲಿಲ್ಲ, ನಾಚಿಕೆಯಾಗುತ್ತಿತ್ತು. ಆ ನೀರಿನಲ್ಲಿ ಬೆಳೆದ ಅನ್ನವನ್ನು ಉಣ್ಣುವಾಗ ಮಾತ್ರ ನಾಚಿಕೆಯಾಗಿರಲಿಲ್ಲ!

ಮರಳಿ ಏರಿಗೆ ಬಂದಾಗ ಹೊತ್ತು ಮುಳುಗುತ್ತಿತ್ತು. ಕಾಲುಗಳು ಸೋತಿದ್ದವು. ಮರುದಿನ ಊರಿನಲ್ಲಿ ಮೊಮ್ಮಗಳು, "ಎಲ್ಲಿಗೆ ಹೋಗಿದ್ದೆ, ಅಜ್ಜಾ?" ಎಂದು ಕೇಳಿದಳು.

"ಸೂಳೆಕೆರೆಗೆ" ಎಂದೆ. ಆ ಹೆಸರು ಬಂದ ಬಗೆಯನ್ನೂ ಕೂಡಿಸಿಕೊಂಡು ಹೇಳಿದೆ.